ಶುಕ್ರವಾರದ ಮಷೀನುಗಳು

"ಏನ್ರೀ ಮೇಷ್ಟ್ರೇ ಅದು, ಗಂಟು?"

ಆಟೋದಿಂದ ಒಂದು ಕಾಲು ಕೆಳಗಿಟ್ಟಿದ್ದ ಮಹಾಂತೇಶ, ಬೆಡ್‌ಶೀಟಿನಲ್ಲಿ ಸುತ್ತಿದ್ದ ಹೊರೆಯನ್ನು ಎದೆಗೊತ್ತಿಕೊಂಡ. ಕೇಳಿದವನು ಎದುರು ಮನೆಯ ಕಿರಾಣಿ ಅಂಗಡಿ ನಾಗರಾಜಪ್ಪ. ಮಾತಿಗಿಂತ ಮೊದಲೇ ಅವನ ಅಂಗಿಯ ಒಣಮೆಣಸಿನಕಾಯಿ ವಾಸನೆ ಬಂದಿತ್ತು.

"ಬಟ್ಟೆ," ಅಂದ ಮಹಾಂತೇಶ.

"ಬಟ್ಟೆ ಇಷ್ಟು ಭಾರ ಇರ್ತಾವೇನ್ರಿ? ಕೊಡ್ರಿ ಇಲ್ಲಿ."

"ಬ್ಯಾಡ ಬಿಡ್ರಿ. ನಾನೇ ಹಿಡ್ಕೊಂತೀನಿ."

ಕಣ್ಣು ಕಾಣದವನು ಸುಳ್ಳು ಹೇಳುವುದು ಕಷ್ಟ. ಹೇಳಿದ ಸುಳ್ಳು ಎದುರಿನವರ ಮುಖದ ಮೇಲೆ ಹೇಗೆ ಬಿತ್ತು ಅಂತ ತಿಳಿಯುವುದಿಲ್ಲ. ಗಂಟಿನಲ್ಲಿ ಇದ್ದದ್ದು ಹರಿಹರದ ಅಂಧ ಮಕ್ಕಳ ಶಾಲೆಯ ಹಳೆಯ ಕಂಪ್ಯೂಟರು. ನಿನ್ನೆ ಸಂಜೆ ಐದೂವರೆಗೆ ಅದು ಸತ್ತಿತ್ತು. ಅದನ್ನು ಬದುಕಿಸಬಲ್ಲ ಒಬ್ಬನೇ ಮನುಷ್ಯ, ವಿನೋಬನಗರದ ಚಾಂದ್ ಪಾಷಾ, ಏಳು ಗಂಟೆಗೆ ಸತ್ತಿದ್ದರು.

ಬೆಳಿಗ್ಗೆ ಸುದ್ದಿ ಬಂದಾಗ ಮಹಾಂತೇಶ ಶಾಲೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಮಣ್ಣಿಗೆ ಹೋಗುವವನು ಬರಿಗೈಯಲ್ಲಿ ಹೋಗಬೇಕು, ಅದು ಮರ್ಯಾದೆ. ಆದರೆ ನಾಳೆ ಹತ್ತು ಗಂಟೆಗೆ ಅರವತ್ತನಾಲ್ಕು ಮಕ್ಕಳಿಗೆ ಗಣಿತದ ಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಬ್ರೈಲ್ ಚುಕ್ಕಿಗಳಲ್ಲಿ ಒತ್ತಿ ಕೊಡಬೇಕು. ಚುಕ್ಕಿ ಒತ್ತುವ ಯಂತ್ರದ ದಪ್ಪ ಕೇಬಲ್ಲಿಗೆ ಹೊಸ ಕಂಪ್ಯೂಟರಿನಲ್ಲಿ ತೂತೇ ಇಲ್ಲ. ಅದನ್ನು ನಡೆಸುವ ಸಾಫ್ಟ್‌ವೇರು ಹೊಸದರಲ್ಲಿ ಬಾಯಿ ಬಿಡುವುದಿಲ್ಲ. ಕೈಯಿಂದ ಚುಚ್ಚಿ ಬರೆಯೋಣವೆಂದರೆ ಒಬ್ಬ ಮಗುವಿಗೆ ಏಳು ಹಾಳೆ. ಅರವತ್ತನಾಲ್ಕು ಮಕ್ಕಳಿಗೆ ಎಷ್ಟಾಯಿತು ಅನ್ನುವುದೇ ಒಂದು ಗಣಿತ. ಕೊನೆಗೆ ಎದ್ದು ಬೆಡ್‌ಶೀಟು ಹುಡುಕಿದ್ದ.

ಚಾಂದ್ ಪಾಷಾರ ಮನೆಯ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಅವನ ಕೋಲು ತಗಡಿಗೆ ಬಡಿಯಿತು. ಪಕ್ಕಕ್ಕೆ ಸರಿದ. ಅಲ್ಲೂ ತಗಡು. ಬಗ್ಗಿ ಕೈಯಾಡಿಸಿದರೆ ಅಂಗಳದ ತುಂಬ ಕಂಪ್ಯೂಟರ್ ಪೆಟ್ಟಿಗೆಗಳು. ಒಂದರ ಮೇಲೊಂದು, ಅಡ್ಡ, ಉದ್ದ, ಬಿಸಿಲಿಗೆ ಕಾದ ಬಾಣಲೆಯಂತೆ ಬಿಸಿಯಾಗಿ ಬಿದ್ದಿದ್ದವು.

"ಇವನ್ನ ಯಾಕ ಹೊರಗೆ ಹಾಕ್ಯಾರೆ?"

"ಮೈಯತ್‌ಗೆ ಸ್ನಾನ ಮಾಡಿಸಕ್ಕೆ ಜಾಗ ಬ್ಯಾಡೇನ್ರಿ?" ಅಂದ ನಾಗರಾಜಪ್ಪ. "ಹಿಂದಿನ ಕೋಣೆ ತುಂಬ ಇವೇ. ಬೆಳಕು ಹರಿಯೋದ್ರಾಗೆ ಓಣಿ ಗಂಡಸರೆಲ್ಲ ಸೇರಿ ಎತ್ತಿ ಹಾಕಿದ್ವಿ. ಇಪ್ಪತ್ತಾರು ಅದಾವೆ. ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ."

"ಯಾವುದು ಎಲ್ಲಿತ್ತು ಅಂತ ನೆನಪೈತಾ?"

"ಗುಜರಿಗೆ ಎಂಥಾ ನೆನಪು ಮೇಷ್ಟ್ರೇ?"

* * *

ಹದಿನೈದು ವರ್ಷದ ಹಿಂದೆ ಚಾಂದ್ ಪಾಷಾ ಮೊದಲ ಸಲ ಶಾಲೆಗೆ ಬಂದಾಗ ಮಹಾಂತೇಶನ ಕೈ ಹಿಡಿದು ತೆರೆದ ಮಷೀನಿನೊಳಗೆ ಇಟ್ಟಿದ್ದರು.

"ಹೆದರಬ್ಯಾಡ್ರಿ, ಕರೆಂಟ್ ತೆಗ್ದೀನಿ. ಇದು ಮೆಮೊರಿ. ಕಿತ್ತು ನೋಡ್ರಿ. ಈಗ ಹಚ್ರಿ."

ಹಚ್ಚಿದ ಕೂಡಲೇ ಮಷೀನು ತಾಯಿ ಕಳಕೊಂಡ ಕರುವಿನ ಹಾಗೆ ಉದ್ದಕ್ಕೆ, ಮತ್ತೆ ಮತ್ತೆ ಕೂಗಿತು.

"ಮೆಮೊರಿ ಇಲ್ಲ ಅಂತ ಅಳ್ತೈತೆ. ಈಗ ಹಾಕ್ರಿ. ಈಗ ಪರದೆ ಕಾರ್ಡು ಕೀಳ್ರಿ." ಒಂದು ಉದ್ದ, ಎರಡು ಗಿಡ್ಡ ಕೂಗು. "ಪರದೆ ಇಲ್ಲ ಅಂತು. ನಿಮ್ಮ ಶಾಲೇಲಿ ಪರದೆ ನೋಡೋರು ಯಾರೂ ಇಲ್ಲ, ಆದ್ರೂ ಅದಿಲ್ದೆ ಏಳಂಗಿಲ್ಲ. ಥೇಟ್ ಸರ್ಕಾರಿ ನೌಕರ."

ಎಲ್ಲ ಜೋಡಿಸಿ ಹಚ್ಚಿದಾಗ ಒಂದೇ ಒಂದು ಗಿಡ್ಡ ಕೂಗು.

"ಇದೇನಂತು?"

"ಎಲ್ಲಾ ಸರಿ ಐತೆ, ಕೆಲ್ಸ ಹೇಳು ಅಂತು. ಹೊಸ ಕಂಪ್ಯೂಟರ್ ನೋಡ್ರಿ, ಕೆಟ್ರೆ ಸುಮ್ನೆ ಕೂತಿರ್ತಾವೆ. ಬಿಚ್ಚಕ್ಕೂ ಬಿಡಲ್ಲ, ಅಂಟು ಹಾಕಿರ್ತಾರೆ. ಇವು ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳ್ತಾವೆ. ನಾಲ್ಕು ಸ್ಕ್ರೂ ತೆಗೆದ್ರೆ ಹೊಟ್ಟೆ ತೋರಿಸ್ತಾವೆ. ಕಣ್ಣಿಲ್ದಿದ್ರೂ ನಡೀತೈತೆ, ಕಿವಿ ಬೆರಳು ಇದ್ರೆ ಸಾಕು. ಇಂಥವನ್ನ ಗುಜರಿಗೆ ಹಾಕೋರಿಗೆ ಏನನ್ಬೇಕು?"

ಅವರು ಯಾವುದನ್ನೂ ಗುಜರಿಗೆ ಹಾಕಲಿಲ್ಲ. ಗಿರಣಿ ಆಫೀಸು, ಬ್ಯಾಂಕು, ಟೈಪಿಂಗ್ ಇನ್‌ಸ್ಟಿಟ್ಯೂಟು, ಯಾರು ಎಸೆದರೂ ಹೊತ್ತು ತಂದರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಒಂದೊಂದನ್ನೂ ಸ್ವಲ್ಪ ಹೊತ್ತು ಹಚ್ಚಿ ಆರಿಸುತ್ತಿದ್ದರು. "ಎಮ್ಮೆ ಇದ್ದಂಗೆ ಮೇಷ್ಟ್ರೇ. ಹಿಂಡದೆ ಬಿಟ್ರೆ ಬತ್ತಿ ಹೋಗ್ತಾವೆ," ಅನ್ನುತ್ತಿದ್ದರು.

ನಿನ್ನೆ ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದ್ದರು. "ಫ್ಯಾನ್ ತಿರುಗ್ತೈತಾ? ಕೂಗಲ್ವಾ? ಹಂಗಾದ್ರೆ ಬೋರ್ಡು ಹೋತು, ಡಿಸ್ಕಿಗೇನೂ ಆಗಿಲ್ಲ. ಗಿರಣಿ ಆಫೀಸಿಂದ ತಂದಾಗ ಅದ್ರದೇ ಜೋಡಿ ಒಂದು ಎತ್ತಿಟ್ಟೀನಿ. ಇದ್ರ ಡಿಸ್ಕ್ ಅದಕ್ಕೆ ಹಾಕಿದ್ರೆ ಮುಗೀತು. ಬೆಳಿಗ್ಗೆ ತಗಂಡ್ ಬರ್ರಿ. ಈಗ್ಲೇ ಇಳಿಸಿಡ್ತೀನಿ."

* * *

"ಇಳಿಸಕ್ಕೆ ಹೋಗೇ ಸತ್ತ," ಅಂತಿದ್ದ ರೌಫ್.

ಚಾಂದ್ ಪಾಷಾರ ತಮ್ಮ. ಬಾಡಿ ಬಿಲ್ಡಿಂಗ್ ಷೆಡ್ಡಿನಲ್ಲಿ ಲಾರಿಗಳಿಗೆ ತಗಡು ಬಡಿಯುವ ಕೆಲಸ ಮಾಡಿ ಮಾಡಿ ಅವನ ಮಾತೂ ಸುತ್ತಿಗೆ ಪೆಟ್ಟಿನ ಹಾಗೇ ಬೀಳುತ್ತಿತ್ತು. ಶಾಮಿಯಾನದ ಕೆಳಗೆ ಕೂತವರಿಗೆ ಅವನು ಆ ಕತೆಯನ್ನು ಹೇಳುತ್ತಿರುವುದು ಇದು ಎಷ್ಟನೆಯ ಸಲವೋ.

"ಯಾವನೋ ಫೋನ್ ಮಾಡ್ದ. ಮಾಡಿದ್ದೇ ತಡ, ಸ್ಟೂಲ್ ಹತ್ತಿ ಮೇಲಿನ ಮಷೀನ್ ಇಳಿಸ್ಯಾನೆ. ಡಾಕ್ಟರು ಒಂದು ಬಿಂದಿಗೆ ಎತ್ತಬ್ಯಾಡ ಅಂದಿದ್ರು. ಇಳಿಸಿ, ಕೂತು, ನೀರು ಕೇಳಿದ್ನಂತೆ. ನಾನು ಬರೋದ್ರಾಗೆ ಎಲ್ಲಾ ಮುಗಿದಿತ್ತು. ಆ ಫೋನ್ ಮಾಡಿದೋನು ಯಾರು ಅಂತ ಗೊತ್ತಾಗ್ಲಿ."

ಗಂಟು ಮಹಾಂತೇಶನ ಕಾಲಿಗೆ ತಾಗಿಕೊಂಡೇ ಇತ್ತು. ಮರಣ ಹೃದಯಾಘಾತದಿಂದ ಅಂತ ಮಾತ್ರ ಬೆಳಿಗ್ಗೆ ತಿಳಿದಿತ್ತು. ಯಾವುದನ್ನು ಎತ್ತುವಾಗ, ಯಾರಿಗೋಸ್ಕರ, ಅಂತ ತಿಳಿದದ್ದು ಈಗ.

"ನನ್ನ ತಕ್ಕಡಿ ಕೆಟ್ಟೈತೆ ಬಾ ಅಂದ್ರೆ ನಾಳೆ ಅನ್ನೋನು," ಅಂದ ನಾಗರಾಜಪ್ಪ, ಯಾರಿಗೂ ಅಲ್ಲವೆಂಬಂತೆ. "ಹಳೇ ಕಂಪ್ಯೂಟರ್ ಅಂದ್ರೆ ತಟ್ಟೆ ಮುಂದಿಂದ ಏಳೋನು."

"ಇವತ್ತಿಗೆ ಮುಗೀತು ಅದು. ಎರಡು ಗಂಟೆಗೆ ಗುಜರಿ ದಿನೇಶನ ಟೆಂಪೋ ಬರ್ತೈತೆ. ಒಂದೂ ಉಳಿಯಂಗಿಲ್ಲ. ನಮ್ಮಣ್ಣನ ನುಂಗಿದವನ್ನ ಕಣ್ಣೆದುರು ಇಟ್ಕೊಂಡು ನಾನು ಅನ್ನ ತಿನ್ನಲ್ಲ."

"ರೌಫಣ್ಣ," ಅಂದ ಮಹಾಂತೇಶ. ತನ್ನ ದನಿ ತನಗೇ ತೆಳ್ಳಗೆ ಕೇಳಿಸಿತು. "ಅದ್ರಾಗೊಂದು ನಮ್ಮ ಶಾಲೆಗೆ ಬೇಕಾಗಿತ್ತು. ನಾಳೆ ಗಣಿತದ ಪೇಪರ್ ಐತೆ. ಅದಿಲ್ದಿದ್ರೆ ಒತ್ತಕ್ಕಾಗಲ್ಲ."

ಕುರ್ಚಿಯೊಂದು ಕಿರುಗುಟ್ಟಿತು.

"ಮೈಯತ್ ಇನ್ನೂ ಮನೇಲೈತೆ ಮೇಷ್ಟ್ರೇ," ಅಂದ ರೌಫ್.

"ಗೊತ್ತು."

"ಓದಿ ಹೇಳ್ರಿ ಮಕ್ಕಳಿಗೆ. ಬಾಯಿಲ್ವಾ ನಿಮಗೆ?"

ಮಹಾಂತೇಶನಿಗೆ ಥಟ್ಟನೆ ನೆನಪಾದದ್ದು ತನ್ನ ಏಳನೆಯ ತರಗತಿ. ಓದಿ ಹೇಳಲು ಬಂದಿದ್ದವನು ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಓದಿ ಚಹಾ ಕುಡಿಯಲು ಹೋಗಿದ್ದ. ಕೊಂಡಜ್ಜಿ ಹಳ್ಳಿಯಿಂದ ಬಂದಿದ್ದ ಹುಡುಗ ಮಹಾಂತೇಶ ಮೂರನೆಯ ಲೆಕ್ಕದ ಅಂಕಿಗಳನ್ನು ಗಾಳಿಯಲ್ಲಿ ಹುಡುಕುತ್ತ ಕೂತು ಫೇಲಾಗಿದ್ದ.

"ನಿಮಗೊಬ್ರು ಲಾರಿ ಬಾಡಿ ಅಳತೆ ಒಂದು ಸಲ ಕಿವೀಲಿ ಹೇಳಿ ಹೋದ್ರೆ ತಗಡು ಕತ್ತರಿಸ್ತೀರಾ?"

ರೌಫ್ ಎದ್ದು ಹೋದ ಸಪ್ಪಳ ಕೇಳಿಸಿತು.

ಆಗಲೇ ಯಾರೋ ಮೊಣಕೈ ಮುಟ್ಟಿದರು. ಚಾಂದ್ ಪಾಷಾರ ಮಗಳು ಮಹೀನ್. ವಿದ್ಯಾನಗರದ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಾಳೆ. "ಅಮ್ಮಿ ಕರೀತಾರೆ ಸರ್," ಅಂದಳು.

ಪಡಸಾಲೆಯ ಪರದೆಯ ಈಚೆ ಅವನನ್ನು ಕೂಡಿಸಿದಳು. ಆಚೆ ಹೆಂಗಸರು ಕುರಾನು ಓದುವ ಗುನುಗು. ಪರದೆಗೆ ಹತ್ತಿರ ಬಳೆ ಇಲ್ಲದ ಕೈಯೊಂದು ನೆಲಕ್ಕೂರಿದ ಸದ್ದು.

"ಮೇಷ್ಟ್ರೇ, ಕೂಡ್ರಿ," ಅಂದರು ಚಾಂದ್ ಪಾಷಾರ ಹೆಂಡತಿ ರಹೀಮುನ್ನೀಸಾ.

"ಅಮ್ಮಾ, ನಿನ್ನೆ ಆ ಫೋನು…"

"ನೀವು ಮಾಡಿದ್ದು. ನಾನೇ ಎತ್ತಿ ಅವರ ಕೈಗೆ ಕೊಟ್ಟೆ."

ಅವನು ಕೋಲನ್ನು ಮಡಿಲಿಗೆ ಎಳೆದುಕೊಂಡ.

"ರೌಫ್‌ಗೆ ಹೇಳಿಲ್ಲ. ಅಣ್ಣ ಅಂದ್ರೆ ಜೀವ ಅವನಿಗೆ. ಸಿಟ್ಟು ಯಾರ ಮೇಲಾದ್ರೂ ಹಾಕ್ಬೇಕಲ್ಲ, ಮಷೀನ್ ಮೇಲೆ ಹಾಕ್ಯಾನೆ. ಹಾಕ್ಲಿ ಬಿಡ್ರಿ, ಮಷೀನಿಗೆ ನೋವಾಗಲ್ಲ. ಆದ್ರೆ ಅವರು ಇಳಿಸಿದ್ದು ನಿಮ್ಮ ಮಕ್ಕಳಿಗೆ. ಅದು ಟೆಂಪೋ ಹತ್ತಿದ್ರೆ ಅವರು ಸತ್ತಿದ್ದು ಪುಕ್ಕಟೆ ಆಗ್ತೈತೆ."

"ಯಾವುದು ಅಂತ ಹೆಂಗೆ ಹುಡುಕೋದಮ್ಮಾ? ಎಲ್ಲಾ ಕಲಸಿ ಹೋಗ್ಯಾವೆ."

"ನನಗೂ ನೋಡಿದ್ರೆ ಗೊತ್ತಾಗಲ್ಲ. ಮೂವತ್ತು ವರ್ಷದಾಗೆ ಆ ಕೋಣೆಗೆ ಕಸ ಹೊಡಿಯಕ್ಕೂ ಬಿಟ್ಟಿಲ್ಲ ನನ್ನ. ಆದ್ರೆ ಶುಕ್ರವಾರ ಶುಕ್ರವಾರ ಅಡಿಗೆಮನೇಲಿ ಕೂತು ಕೇಳೀನಿ. ಒಂದೊಂದಕ್ಕೂ ಒಂದೊಂದು ದನಿ. ಅವರಿಗೆ ಗೊತ್ತಿರ್ಲಿಲ್ಲ, ನಾನು ಕೇಳ್ತೀನಿ ಅಂತ. ಗಿರಣಿದು ಎರಡು ಸಲ ಕೆಮ್ಮಿ ಆಮೇಲೆ ಕೂಗ್ತೈತೆ. ಗರ್ರ್, ಗರ್ರ್, ಆಮೇಲೆ ಒಂದು. ಮುದುಕ ಚಪ್ಪಲಿ ಬಿಟ್ಟು ಒಳಗೆ ಬಂದಂಗೆ."

ಮಹಾಂತೇಶ ನೆಟ್ಟಗೆ ಕೂತ. ಶಾಲೆಯದೂ ಹಾಗೇ ಕೆಮ್ಮುತ್ತಿತ್ತು.

"ಮಹೀನ್, ವೈರ್ ತಗಂಬಾ," ಅಂದರು ರಹೀಮುನ್ನೀಸಾ.

ಜಗಲಿಗೆ ವೈರು ಎಳೆದು ಮಹೀನ್ ಮೊದಲನೆಯದನ್ನು ಹಚ್ಚಿದಳು. ಉದ್ದನೆಯ ಅಳು ಹೊರಟಿತು. ಒಳಗೆ ಓದು ನಿಂತಿತು. ಹೊರಗಿನಿಂದ ರೌಫ್ ಓಡಿ ಬಂದ.

"ಭಾಬಿ! ಸಾವಿನ ಮನೇಲಿ ಏನ್ ನಡಿಸೀರಿ? ಮೂರು ದಿನ ಒಲೆ ಹಚ್ಚಬಾರದು ಅಂತಿರೋವಾಗ…"

"ಒಲೆ ಹಚ್ಚಬಾರದು ಅಂತೈತೆ. ಇದನ್ನ ಹಚ್ಚಬಾರದು ಅಂತ ಎಲ್ಲೂ ಇಲ್ಲ," ಪರದೆಯ ಹಿಂದಿನಿಂದ ಬಂತು ಉತ್ತರ. "ನಾಳೆ ಶುಕ್ರವಾರ. ನಾಳೆ ಹಚ್ಚೋದನ್ನ ಇವತ್ತು ಹಚ್ತೀವಿ. ಅದಲ್ಲ ಮಹೀನ್, ಅದು ಬ್ಯಾಂಕಿಂದು. ಯಾವಾಗ್ಲೂ ಅಳೋದೇ ಅದ್ರ ಕಸುಬು."

ರೌಫ್ ಹಲ್ಲು ಕಚ್ಚಿದ. ಅಣ್ಣನ ಹೆಂಡತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಎರಡನೆಯದು ಮೂಕ. ಮೂರನೆಯದನ್ನು ಎತ್ತಿದರೆ ಬರಿ ಡಬ್ಬಿ. ಹೊರಗೆ ಹೊಳಪು, ಒಳಗೆ ಏನೂ ಇಲ್ಲ. ಆಗ ಮಹಾಂತೇಶನಿಗೆ ನೆನಪಾಯಿತು. ಚಾಂದ್ ಪಾಷಾ ಚಂದದ ಪೆಟ್ಟಿಗೆಗಳನ್ನು ಖಾಲಿ ಇಟ್ಟು, ನಡೆಯುವ ಮಷೀನುಗಳನ್ನು ಗಾಳಿಯಾಡಲೆಂದು ಮುಚ್ಚಳ ತೆಗೆದು ಇಡುತ್ತಿದ್ದರು. ಬೆಳಿಗ್ಗೆ ಗಂಡಸರು ಮುಚ್ಚಳ ಇದ್ದವನ್ನು ಜೋಪಾನವಾಗಿ ನೆರಳಿನಲ್ಲಿಟ್ಟು, ಇಲ್ಲದ್ದನ್ನು ಟೆಂಪೋಗೆ ಮೊದಲು ಹೇರಲು ಗೇಟಿನ ಬಳಿ ಬಿಸಿಲಿಗೆ ರಾಶಿ ಹಾಕಿದ್ದರು.

"ಗೇಟಿನ ಹತ್ರದ್ದು ತಗಂಬಾಮ್ಮ. ತೆರೆದಿರೋವು."

ನಾಲ್ಕನೆಯದು ಉಬ್ಬಸ. "ಟೈಪಿಂಗ್ ಇನ್‌ಸ್ಟಿಟ್ಯೂಟಿಂದು," ಅಂದರು ರಹೀಮುನ್ನೀಸಾ. ಐದನೆಯದೂ ಅಲ್ಲ, ಆರನೆಯದೂ ಅಲ್ಲ. ಇನ್ನೂ ಒಂಬತ್ತು ತೆರೆದವು ಉಳಿದಿದ್ದವು. ಅಷ್ಟರಲ್ಲಿ ಮಸೀದಿಯಿಂದ ಮೈಯತ್ ಹೊರುವ ಜನಾಜಾದ ಮಂಚ ಬಂತು. ಒಳಗೆ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಮಹೀನಳ ಕೈಯಿಂದ ವೈರು ಕೆಳಗೆ ಬಿತ್ತು.

ಮಹಾಂತೇಶನ ಕೈ ಏಳನೆಯ ಮಷೀನಿನ ಮೇಲಿತ್ತು. ಎರಡಕ್ಕೆ ಟೆಂಪೋ. ಈಗ ಒಂದು ಗಂಟೆ.

"ನೀವು ಹೆಗಲು ಕೊಡೋಕೆ ಬಂದೋರೋ, ಮಷೀನ್ ಒಯ್ಯೋಕೆ ಬಂದೋರೋ?" ರೌಫ್ ಅವನ ತಲೆಯ ಮೇಲೇ ನಿಂತು ಕೇಳಿದ.

ಮಹಾಂತೇಶನ ಕೈ ಅಲುಗಲಿಲ್ಲ. ಎದ್ದರೆ ಅರವತ್ತನಾಲ್ಕು ಮಕ್ಕಳಿಗೆ ದ್ರೋಹ, ಏಳದಿದ್ದರೆ ಚಾಂದ್ ಪಾಷಾರಿಗೆ.

ಪರದೆಯ ಹಿಂದಿನಿಂದ ದನಿ ಬಂತು. "ಹೋಗ್ರಿ ಮೇಷ್ಟ್ರೇ. ಹೆಗಲು ನಿಮ್ಮಿಂದ ಆಗ್ತೈತೆ, ನನ್ನಿಂದ ಆಗಲ್ಲ. ಕಿವಿ ನನಗೂ ಐತೆ."

* * *

ಹೆಗಲ ಮೇಲೆ ಮಂಚದ ಮರ ಬಂದಾಗ ಮಹಾಂತೇಶನಿಗೆ ಆಶ್ಚರ್ಯವಾದದ್ದು ಅದರ ಹಗುರ. ದಪ್ಪ ಗಾಜಿನ ಹಳೆಯ ಮಾನಿಟರು ಹೊತ್ತುಕೊಂಡು ಶಾಲೆಯ ಮೆಟ್ಟಿಲು ಹತ್ತಿದ್ದ ಮನುಷ್ಯ ಇವರು. ಹತ್ತು ಹೆಜ್ಜೆಗೆ ಇನ್ನೊಂದು ಹೆಗಲು ಬಂದು ಅವನದನ್ನು ಬಿಡಿಸಿತು. ನಾಗರಾಜಪ್ಪ ತೋಳು ಹಿಡಿದು ನಡೆಸಿದ. ಮಸೀದಿಯ ನಮಾಜಿಗೆ ಇಬ್ಬರೂ ಹೊರಗೆ ಬೇವಿನ ನೆರಳಿನಲ್ಲಿ ನಿಂತರು.

ಕಬರಸ್ತಾನದಲ್ಲಿ ಮಣ್ಣು ಹಾಕುವ ಹೊತ್ತಿಗೆ ನಾಗರಾಜಪ್ಪನ ಕೈ ಹೋಗಿ ಬೇರೆಯ ಕೈ ಬಂತು. ಅಂಗೈ ಸುತ್ತಿಗೆ ಹಿಡಿದು ಗಟ್ಟಿಯಾದದ್ದು.

"ಬರ್ರಿ. ಇಲ್ಲಿ ಗುಣಿ ಐತೆ, ಜ್ವಾಕೆ," ಅಂದ ರೌಫ್. ಬಗ್ಗಿಸಿ ಅವನ ಕೈಯನ್ನು ಮಣ್ಣಿನ ಗುಡ್ಡೆಯ ಮೇಲಿಟ್ಟ.

ಮಣ್ಣು ಒಳಗಿನಿಂದ ತಂಪಾಗಿತ್ತು. ಮಹಾಂತೇಶ ಒಂದು ಹಿಡಿ ತೆಗೆದುಕೊಂಡ. ಹಾಕಲಾಗಲಿಲ್ಲ.

"ರೌಫಣ್ಣ, ನಿನ್ನೆ ಫೋನ್ ಮಾಡಿದೋನು ನಾನು."

ಮುಂಗೈ ಹಿಡಿದಿದ್ದ ಬೆರಳುಗಳು ಬಿಗಿದವು. ಮೂಳೆ ನೋಯುವಷ್ಟು ಬಿಗಿದವು. ಗುಣಿಯ ಅಂಚಿನ ಸಡಿಲ ಮಣ್ಣು ಚಪ್ಪಲಿಯ ಕೆಳಗೆ ಸ್ವಲ್ಪ ಜಾರಿತು. ಈ ಕೈ ಬಿಟ್ಟರೂ ತಾನು ಬೀಳುತ್ತೇನೆ, ನೂಕಿದರೂ ಬೀಳುತ್ತೇನೆ ಅನಿಸಿತು. ಮಣ್ಣು ಬೀಳುವ ಸದ್ದೊಂದೇ.

"ಮೂರು ಹಿಡಿ ಹಾಕ್ರಿ," ಅಂದ ರೌಫ್ ಕೊನೆಗೆ. ದನಿಯಲ್ಲಿ ಏನೂ ಇರಲಿಲ್ಲ. "ಮೂರು."

ಮೂರನೆಯ ಹಿಡಿ ಬಿದ್ದಮೇಲೂ ಅವನು ಕೈ ಬಿಡಲಿಲ್ಲ. ಕಬರಸ್ತಾನದ ಗೇಟಿನ ತನಕ ಎಳೆದುಕೊಂಡೇ ಬಂದ. ಅಲ್ಲಿ ನಿಂತ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು.

"ಅಣ್ಣ, ದಿನೇಶ." ಗುಜರಿಯವನ ದನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ದೊಡ್ಡದಿತ್ತು. "ಟೆಂಪೋ ತಂದೀನಿ. ನಿಮ್ಮತ್ತಿಗೆಮ್ಮ ಗೇಟಿಗೆ ಒಳಗಿಂದ ಚಿಲಕ ಹಾಕ್ಯಾರೆ. ಏನಂದ್ರೂ ತೆಗೀತಿಲ್ಲ. ಒಳಗೆ ಏನೋ ಒಂದೇ ಸಮ ಕೂಗ್ತಾವಣ್ಣ. ನಂಗ್ಯಾಕೋ ಹೆದ್ರಿಕೆ ಆಗ್ತೈತೆ. ಹೋಗ್ಲಾ, ಇರ್ಲಾ?"

"ಗೇಟಿಗೆ ಹಿಡಿ ಅನ್ರಿ ಫೋನು," ಅಂದ ಮಹಾಂತೇಶ. "ದೊಡ್ಡ ದನಿಗೆ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ರೌಫ್ ದಿನೇಶನಿಗೆ ಹಾಗೇ ಅಂದ. ಯಾಕೆ ಅಂದನೋ.

ಫೋನಿನಲ್ಲಿ ಗಾಳಿಯ ಸದ್ದು, ಒಂದು ಸ್ಕೂಟರು, ದಿನೇಶನ ಉಸಿರು. ಅದರ ಹಿಂದೆ ದೂರದಲ್ಲಿ ಒಂದು ಉದ್ದ, ಎರಡು ಗಿಡ್ಡ. "ಅಲ್ಲ," ಅಂದ ಮಹಾಂತೇಶ. ಮತ್ತೆ ಮೌನ. ಮಹೀನ್ ವೈರು ಬದಲಿಸುತ್ತಿರಬೇಕು. ನಾಗರಾಜಪ್ಪನೂ ಹತ್ತಿರ ಬಂದು ತಲೆ ಬಗ್ಗಿಸಿದ.

ಗರ್ರ್.

ಮಹಾಂತೇಶ ಕಿವಿಯನ್ನು ಫೋನಿಗೊತ್ತಿದ.

ಗರ್ರ್.

ಆಮೇಲೆ ಒಂದು ಗಿಡ್ಡ ಕೂಗು. ಅದರ ಬೆನ್ನಿಗೇ ಗೇಟಿನಾಚೆಯಿಂದ ಹೆಂಗಸೊಬ್ಬಳು ಅಳುವ ಸದ್ದು. ಬೆಳಿಗ್ಗೆಯಿಂದ ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದ ರಹೀಮುನ್ನೀಸಾರ ಮೊದಲ ಅಳು.

ರೌಫ್ ಆ ಅಳು ಕೇಳುತ್ತ ನಿಂತ. ಮಹಾಂತೇಶನ ಮುಂಗೈ ಮೇಲಿನ ಹಿಡಿತ ಒಂದೊಂದೇ ಬೆರಳಾಗಿ ಸಡಿಲಿತು.

"ಅಣ್ಣ? ಏನ್ ಮಾಡ್ಲಿ?"

"ದಿನೇಶ, ಟೆಂಪೋ ಖಾಲಿ ಐತಾ?"

"ಖಾಲಿನೇ ಐತಲ್ಲ. ಹೇರಕ್ಕೇ ಬಂದಿದ್ದು."

"ಅಲ್ಲೇ ಇರು. ಹರಿಹರಕ್ಕೆ ಹೋಗೋದೈತೆ."

* * *

ಡಿಸ್ಕು ಬದಲಿಸಲು ನಾಲ್ಕು ಸ್ಕ್ರೂ. ಮಹಾಂತೇಶನೇ ಜಗಲಿಯಲ್ಲಿ ಕೂತು, ಕೈ ತೊಳೆದು, ಬೆರಳಿನಿಂದ ತಡವಿ ಬದಲಿಸಿ, ಶಾಲೆಯದರ ಮುಚ್ಚಳವನ್ನೇ ಇದಕ್ಕೆ ಮುಚ್ಚಿದ. ಹೊರಡುವಾಗ ಪರದೆಯ ಹಿಂದಿನಿಂದ ಒಂದು ಮಾತು ಮಾತ್ರ ಬಂತು: "ಮುಂದಿನ ಶುಕ್ರವಾರ ಬರ್ರಿ. ಇಪ್ಪತ್ತೈದು ಉಳಿದಾವೆ."

ಟೆಂಪೋದ ಹಿಂದಿನ ಖಾಲಿ ತಗಡಿನ ಮೇಲೆ ರೌಫ್, ಮಹಾಂತೇಶ ಕೂತರು. ದಿನೇಶ ಓಡಿಸಿದ. ಮಷೀನನ್ನು ಕೆಳಗಿಡ್ರಿ, ಏನೂ ಆಗಲ್ಲ ಅಂತ ಮಹಾಂತೇಶ ಎರಡು ಸಲ ಹೇಳಿದ. ರೌಫ್ ಇಡಲಿಲ್ಲ. ಬೆಡ್‌ಶೀಟು ಹಾಸಿ ತೊಡೆಯ ಮೇಲಿಟ್ಟುಕೊಂಡು ಎರಡೂ ತೋಳಿನಿಂದ ಸುತ್ತಿ ಹಿಡಿದಿದ್ದ. ಊರು ದಾಟಿತು. ಗದ್ದೆಯ ಮೇಲಿನಿಂದ ಗಾಳಿ ಬರತೊಡಗಿತು.

"ನಿಧಾನ ಹೋಗೋ ಲೇ!" ಒಂದು ಕಡೆ ಟೆಂಪೋ ಎಗರಿದಾಗ ರೌಫ್ ಕೂಗಿದ. "ಮೈಮೇಲೆ ಎಚ್ಚರ ಇಲ್ವಾ ನಿಂಗೆ?"

ದಿನೇಶ ನಿಧಾನ ಮಾಡಿದ. ಆದರೂ ರಸ್ತೆಯ ಉಬ್ಬು ಸಿಕ್ಕಾಗಲೆಲ್ಲ, ರೌಫ್ ಮಡಿಸಿ ಬಿಟ್ಟಿದ್ದ ಅಂಗಿಯ ತೋಳಿನಿಂದ ಕಬರಸ್ತಾನದ ಒಣಗಿದ ಮಣ್ಣಿನ ಹರಳು ಒಂದೊಂದೇ ಉದುರಿ ಮಷೀನಿನ ತಗಡಿನ ಮೇಲೆ ಬೀಳುತ್ತಿತ್ತು. ಟಿಕ್. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು, ಟಿಕ್. ಮಹಾಂತೇಶ ಹರಿಹರದ ತನಕ ಅದನ್ನು ಕೇಳುತ್ತ ಹೋದ.